ಹಿಂದಿನ ಸೀಟು

ಸೀಟು ಮಾಸ್ಟರ ಅಂಗಡಿಗೆ ಯಾರೇ ಬರಲಿ, ಅವರು ಮೊದಲು ನೋಡುವುದು ಬಂದವರ ಮುಖವನ್ನಲ್ಲ. ಗಾಡಿಯ ಸೀಟಿನ ಮೇಲೆ ಅಂಗೈ ಊರಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಸವರಿ, "ನೀವು ಒಂದೇ ಕಡೆ ಭಾರ ಹಾಕಿ ಕೂರ್ತೀರಿ. ಸೊಂಟ ನೋವಿದ್ಯಾ?" ಎಂದು ಕೇಳುತ್ತಾರೆ. ಬಹಳ ಜನಕ್ಕೆ ಇರುತ್ತದೆ. ಇಲ್ಲದವರಿಗೆ ಅವರು ಕೇಳಿದ ಮೇಲೆ ಶುರುವಾಗುತ್ತದೆ. ಊರಿನ ದೊಡ್ಡ ಮನುಷ್ಯರನ್ನೆಲ್ಲ ಅವರು ಗುರುತಿಟ್ಟುಕೊಂಡಿರುವುದು ಅವರವರು ಕೂರುವ ಭಾಗದಿಂದ. ಹಾಗಾಗಿ ಅವರಿಗೆ ಯಾರ ಮೇಲೂ ಅಂಥಾ ಭಯಭಕ್ತಿ ಏನಿಲ್ಲ.

ಅಂಗಡಿ ಎಂದರೆ ಒಂದರ ಹಿಂದೊಂದು ಎರಡು ಕೋಣೆ. ಮುಂದಿನದರಲ್ಲಿ ದಪ್ಪ ಹೊಲಿಗೆಯ ಯಂತ್ರ, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಎಲ್ಲದರ ಮೇಲೆ ಹರಡಿದ ಅಂಟಿನ ವಾಸನೆ. ಹಿಂದಿನದರಲ್ಲಿ ಫೋಮಿನ ಹಾಳೆಗಳನ್ನು ಸೂರಿನ ತನಕ ಪೇರಿಸಿದ್ದಾರೆ. ಗೆಳೆಯರು ಬಂದರೆ ಅದರ ಮೇಲೇ ಕೂರಿಸುವುದು. ಕೂತವರು ಮೆಲ್ಲಗೆ ಕುಸಿಯುತ್ತ ಹೋಗುತ್ತಾರೆ, ಏಳಬೇಕಾದರೆ ಪಕ್ಕದವರು ಕೈ ಕೊಡಬೇಕು. ಮಾಸ್ಟರು ಮೀಟಿಂಗುಗಳನ್ನು ಅಲ್ಲೇ ಯಾಕೆ ಇಟ್ಟುಕೊಳ್ಳುತ್ತಿದ್ದರು ಎನ್ನುವುದಕ್ಕೆ ಇದೂ ಒಂದು ಕಾರಣ ಇರಬೇಕು. ಅವರು ಮಾತು ಶುರುಮಾಡಿದ ಮೇಲೆ ಎದ್ದು ಹೋಗುವುದು ಯಾರಿಗೂ ಸುಲಭವಿರಲಿಲ್ಲ.

ಮೀಟಿಂಗು ಯಾತಕ್ಕೆ ಎಂದರೆ, ವರ್ಷಕ್ಕೊಮ್ಮೆಯ ಸವಾರಿಗೆ. ಮೋಟಾರ್ ಸೈಕಲ್ ಹುಚ್ಚಿನ ಒಂದು ಗುಂಪು ಮಾಸ್ಟರ ಸುತ್ತ ತಾನಾಗಿಯೇ ಬೆಳೆದಿತ್ತು. ಅದರಲ್ಲಿ ಔಷಧಿ ಅಂಗಡಿಯಣ್ಣ ಇದ್ದ. ಮಾತು ಕಡಿಮೆ, ಕೆಲಸ ಜಾಸ್ತಿ. ಹಲ್ಲಿನ ಡಾಕ್ಟರು ಇದ್ದರು. ಅವರ ಗಾಡಿ ಎಷ್ಟು ದುಬಾರಿಯದೆಂದರೆ ಅದಕ್ಕೆ ಹಿಂದಿನ ಸೀಟೇ ಇರಲಿಲ್ಲ. ಡ್ರಾಯಿಂಗ್ ಮೇಷ್ಟ್ರು ಇದ್ದರು. ಅವರ ಗಾಡಿ ಅವರ ತಂದೆಯವರದು. ಪ್ರತಿ ಸವಾರಿಯಲ್ಲೂ ಎಲ್ಲಾದರೂ ಒಂದು ಕಡೆ ಅದು ಮುಷ್ಕರ ಹೂಡುತ್ತಿತ್ತು. ಉಳಿದವರು ಕೂಡ ಇಂಥವರೇ. ವರ್ಷವಿಡೀ ಮೇಜಿನ ಹಿಂದೆ, ಕೌಂಟರಿನ ಹಿಂದೆ ಕೂತು ಒಂದು ದಿನಕ್ಕಾಗಿ ಕಾಯುವವರು. ಒಟ್ಟು ಒಂಬತ್ತು ಗಾಡಿ. ಎಷ್ಟೋ ವರ್ಷದಿಂದ ಅದೇ ಒಂಬತ್ತು.

ಈ ಒಂಬತ್ತನ್ನು ಹೊರಡಿಸುವುದೇನು ಸಾಮಾನ್ಯ ಕೆಲಸವೇ? ಡಾಕ್ಟರಿಗೆ ಭಾನುವಾರ ಆಗುವುದಿಲ್ಲ, ಮೇಷ್ಟ್ರಿಗೆ ಭಾನುವಾರ ಬಿಟ್ಟರೆ ಆಗುವುದಿಲ್ಲ. ಒಬ್ಬರಿಗೆ ಬೆಟ್ಟದ ದಾರಿ ಬೇಕು, ಇನ್ನೊಬ್ಬರಿಗೆ ಬೆಟ್ಟ ಎಂದರೆ ತಲೆ ಸುತ್ತು. ಮೊಬೈಲಿನ ಗುಂಪಿನಲ್ಲಿ ದಿನಾಂಕದ ಚರ್ಚೆ ಶುರುವಾದರೆ ಮೂರನೆಯ ದಿನಕ್ಕೆ ಅದು ಯಾವುದೋ ಟೈರಿನ ಗುಣಾವಗುಣಕ್ಕೆ ಹೊರಳಿ, ಒಬ್ಬರು ಮುನಿಸಿಕೊಂಡು ಗುಂಪು ಬಿಟ್ಟು, ಸಂಜೆಗೆ ಮತ್ತೆ ಸೇರಿಕೊಂಡಿರುತ್ತಿದ್ದರು. ಆಗ ಮಾಸ್ಟರು ಹೊಲಿಗೆ ಯಂತ್ರದ ಸದ್ದಿನ ನಡುವೆಯೇ ತಮ್ಮ ಧ್ವನಿ ಸಂದೇಶ ಕಳಿಸುತ್ತಿದ್ದರು. ಅದು ಎಷ್ಟು ಉದ್ದವಿರುತ್ತಿತ್ತೆಂದರೆ, ಕೊನೆಯ ತನಕ ಕೇಳಿದವನು ಔಷಧಿ ಅಂಗಡಿಯಣ್ಣ ಒಬ್ಬನೇ. ಅವನೂ ಕೂಡ ಮಾತ್ರೆ ಕೊಡುತ್ತ ಕೇಳುತ್ತಿದ್ದ.

ಸಂದೇಶದಲ್ಲಿ ಇರುತ್ತಿದ್ದದ್ದು ರೂಲುಗಳು. ಮಾಸ್ಟರಿಗೆ ರೂಲು ಎಂದರೆ ಪ್ರಾಣ. ಅವರ ರೂಲುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಆದದ್ದು. ಸಾಲಿನ ಮುಂದೆ ಮಾಸ್ಟರು. ಅವರು ತಲೆ. ತಿರುವು ಬಂದಾಗ ಅವರ ಬೆನ್ನಿಗೆ ಯಾರಿರುತ್ತಾರೋ ಅವರು ಅಲ್ಲೇ ಗಾಡಿ ನಿಲ್ಲಿಸಿ, ಹಿಂದೆ ಬರುವವರಿಗೆಲ್ಲ ಕೈ ತೋರಿಸುತ್ತ ನಿಲ್ಲಬೇಕು. ಇದಕ್ಕೆ ಗುಂಪಿನಲ್ಲಿ ಕಂಬ ನಿಲ್ಲುವುದು ಎನ್ನುತ್ತಾರೆ. ಎಲ್ಲರಿಗಿಂತ ಕೊನೆಗೆ ಕೆಂಪು ಜಾಕೆಟ್ ತೊಟ್ಟ ಒಬ್ಬ ಬರುತ್ತಾನೆ, ಅವನು ಬಾಲ. ಬಾಲ ಯಾರನ್ನೂ ಹಿಂದೆ ಹಾಕುವಂತಿಲ್ಲ, ಕೆಟ್ಟು ನಿಂತವರನ್ನು ಬಿಟ್ಟು ಬರುವಂತಿಲ್ಲ. ಬಾಲ ಬಂದು ತಲೆಯಾಡಿಸಿದ ಮೇಲೆಯೇ ಕಂಬ ಕದಲಬೇಕು. ಅಲ್ಲಿಯ ತನಕ ಆಕಾಶ ಬೀಳಲಿ, ಅಲ್ಲಾಡುವಂತಿಲ್ಲ. ಇಷ್ಟು ಮಾಡಿದರೆ ದಾರಿ ಗೊತ್ತಿಲ್ಲದವರೂ ತಪ್ಪಿಸಿಕೊಳ್ಳುವುದಿಲ್ಲ. ಬಾಲದ ಕೆಲಸ ಮೊದಲಿನಿಂದಲೂ ಔಷಧಿ ಅಂಗಡಿಯಣ್ಣನದು. ಅವನ ಗಾಡಿಯ ಹಿಂದಿನ ಸೀಟು ತೆಗೆಸಿ ಪಂಚರ್ ಸಾಮಾನಿನ ಪೆಟ್ಟಿಗೆ ಕೂರಿಸಿಕೊಟ್ಟವರು ಮಾಸ್ಟರೇ.

ಇನ್ನು ಅತ್ತಿಗೆ. ಮಾಸ್ಟರ ಹೆಂಡತಿಯನ್ನು ಇಡೀ ಗುಂಪು ಅತ್ತಿಗೆ ಎನ್ನುತ್ತದೆ, ನಾವೂ ಹಾಗೇ ಎನ್ನೋಣ. ಅತ್ತಿಗೆಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ನರ ಸಿಕ್ಕದವರನ್ನು ಬೇರೆ ಲ್ಯಾಬಿನವರೂ ಅವರ ಹತ್ತಿರ ಕಳಿಸುತ್ತಾರೆ. ಅವರ ಕೈ ನಡುಗಿದ್ದನ್ನು ಕಂಡವರಿಲ್ಲ. ಮದುವೆಯಾದಾಗಿನಿಂದ ಅವರು ಪ್ರತಿ ಸವಾರಿಗೂ ಹೋಗಿದ್ದಾರೆ, ಮಾಸ್ಟರ ಹಿಂದಿನ ಸೀಟಿನಲ್ಲಿ.

ಆ ಸೀಟಿನ ಕಥೆಯೇ ಬೇರೆ. ಊರಿಗೆಲ್ಲ ಮೆತ್ತನೆಯ ಸೀಟು ಹೊಲಿದುಕೊಟ್ಟ ಮಾಸ್ಟರು ತಮ್ಮ ಗಾಡಿಯ ಮುಂದಿನ ಸೀಟನ್ನಂತೂ ತೊಟ್ಟಿಲಿನ ಹಾಗೆ ಮಾಡಿಕೊಂಡಿದ್ದರು. ಹಿಂದಿನದು ಮಾತ್ರ ತೆಳುವಾದ ಒಂದು ಹಲಗೆ, ಮೇಲೆ ರೆಕ್ಸಿನ್. ದಪ್ಪ ಮಾಡಿದರೆ ಗಾಡಿಯ ಅಂದ ಕೆಡುತ್ತದೆ ಎನ್ನುವುದು ಅವರ ವಾದ. ಅತ್ತಿಗೆ ಮೊದಮೊದಲು ಹೇಳಿದರು, ಆಮೇಲೆ ಜಗಳವಾಡಿದರು, ಆಮೇಲೆ ಒಂದು ಮಡಚಿದ ಟವೆಲ್ ಒಯ್ಯತೊಡಗಿದರು. ಮಾಸ್ಟರು ಪ್ರತಿ ಸಲವೂ, "ಮುಂದಿನ ವಾರ ಬಿಚ್ಚೋಣ" ಎನ್ನುತ್ತಿದ್ದರು. ತಾವು ಮಾತ್ರ ಒಂದು ದಿನವೂ ಅದರ ಮೇಲೆ ಕೂತು ನೋಡಿರಲಿಲ್ಲ.

ಆದರೆ ಒಂದು ಮಾತಿದೆ. ಎಲ್ಲಿ ನಿಂತರೂ ಅವರು ಎರಡೂ ಕಾಲನ್ನು ನೆಲಕ್ಕೆ ಭದ್ರವಾಗಿ ಊರಿ, ಹಿಂದಿರುಗಿ ನೋಡದೆಯೇ, "ಇಳಿಯುವಾಗ ಜೋಪಾನ, ಸೈಲೆನ್ಸರ್ ಬಿಸಿ ಇದೆ" ಎನ್ನುತ್ತಿದ್ದರು. ಒಂದು ಸಲವೂ ಮರೆತಿರಲಿಲ್ಲ. ಅವರ ಬಾಯಲ್ಲಿ ಪ್ರೀತಿಯ ಮಾತು ಎಂದು ಬರುತ್ತಿದ್ದದ್ದು ಅದೊಂದೇ ಎಂದು ಅತ್ತಿಗೆ ತಂಗಿಯ ಹತ್ತಿರ ಹೇಳಿದ್ದುಂಟು.

ಹೀಗಿರುವಾಗ ಈ ವರ್ಷ ಮೀಟಿಂಗು ಸೇರಿತ್ತು. ದಿನಾಂಕ ಗೊತ್ತಾಗಿತ್ತು. ಕೆರೆಯ ಪಕ್ಕದ ಅತಿಥಿಗೃಹದಲ್ಲಿ ಊಟ ಎಂದಾಗಿತ್ತು. ಎಲ್ಲರೂ ಫೋಮಿನಲ್ಲಿ ಅರ್ಧ ಮುಳುಗಿ ಮಾಸ್ಟರ ಬ್ರೇಕಿನ ಪಾಠ ಕೇಳುತ್ತಿದ್ದರು. ಅತ್ತಿಗೆ ಲ್ಯಾಬಿನಿಂದ ನೇರ ಬಂದವರು ಬಾಗಿಲಲ್ಲೇ ನಿಂತರು.

"ನಾನೂ ಬರ್ತೀನಿ," ಎಂದರು.

"ಬರ್ದೆ ಇನ್ನೇನು, ಪ್ರತಿ ವರ್ಷ ಬರ್ತೀಯಲ್ಲ," ಎಂದರು ಮಾಸ್ಟರು.

"ನನ್ನ ಗಾಡಿಯಲ್ಲಿ."

ಫೋಮಿನೊಳಗಿಂದಲೇ ಎಲ್ಲರ ಕತ್ತು ಬಾಗಿಲ ಕಡೆ ಹೊರಳಿತು. ಅತ್ತಿಗೆ ಆರು ತಿಂಗಳ ಕೆಳಗೆ ಲ್ಯಾಬಿನ ಸಹೋದ್ಯೋಗಿಯಿಂದ ಒಂದು ಹಳೆಯ ಸಣ್ಣ ಮೋಟಾರ್ ಸೈಕಲ್ ಕೊಂಡದ್ದು ಎಲ್ಲರಿಗೂ ಗೊತ್ತಿತ್ತು. ಬೆಳಗಿನ ಹೊತ್ತು ಡ್ರೈವಿಂಗ್ ಶಾಲೆಯ ಮೈದಾನದಲ್ಲಿ ಕಲಿತದ್ದೂ, ಲೈಸೆನ್ಸ್ ಪಡೆದದ್ದೂ ಗೊತ್ತಿತ್ತು. ಅದರ ಸೀಟು ಹರಿದಿದ್ದು, ಹೊಲಿಯಲು ಮಾಸ್ಟರಿಗೆ ಪುರಸೊತ್ತಾಗದೆ, ಅತ್ತಿಗೆ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರನ್ನೇ ಅದಕ್ಕೆ ಅಂಟಿಸಿಕೊಂಡದ್ದೂ ಊರಿಗೆಲ್ಲ ಗೊತ್ತಿತ್ತು. ಆದರೆ ಅಷ್ಟು ದೂರ, ಹೆದ್ದಾರಿಯಲ್ಲಿ?

"ಅತ್ತಿಗೆ ಬಂದ್ರೆ ಒಳ್ಳೇದೇ ಅಲ್ವಾ," ಎಂದರು ಡಾಕ್ಟರು, ಏಳಲು ಪ್ರಯತ್ನಪಟ್ಟು ಸೋತು. "ಯಾರಾದ್ರೂ ಬಿದ್ರೆ ರಕ್ತ ಗಿಕ್ತ ನೋಡ್ಕೋತಾರೆ."

"ನಾನು ರಕ್ತ ತೆಗೀತೀನಿ ಡಾಕ್ಟ್ರೇ, ನಿಲ್ಸೋದಿಲ್ಲ."

ಎಲ್ಲರೂ ನಕ್ಕರು, ಮಾಸ್ಟರೊಬ್ಬರನ್ನು ಬಿಟ್ಟು. ಅವರಿಗೆ ಒಳಗೊಳಗೇ ಕಸಿವಿಸಿ. ಹೆಂಡತಿ ಬೀಳುತ್ತಾಳೆಂಬ ಭಯ ಒಂದು ಪಾಲು. ಇನ್ನೊಂದು ಪಾಲು ಏನೆಂದರೆ, ಬೆನ್ನ ಹಿಂದೆ ಆ ಬಿಸುಪು ಇಲ್ಲದೆ, ತಿರುವಿನಲ್ಲಿ ತಮ್ಮ ಜೊತೆಗೇ ವಾಲುವ ಆ ಭಾರ ಇಲ್ಲದೆ, ಅವರಿಗೆ ಸವಾರಿ ಸವಾರಿ ಅನ್ನಿಸುತ್ತಿರಲಿಲ್ಲ. ಇದನ್ನು ಹೇಳಿದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಹೇಳುವ ಬದಲು ಅವರು ಟೈರಿನ ಗಾಳಿಯ ಬಗ್ಗೆ ಮಾತಾಡಿದರು.

ಮನೆಗೆ ಬಂದು ಬಟ್ಟೆ ಮಡಿಚುತ್ತ ಅತ್ತಿಗೆ ಸುತ್ತಿ ಬಳಸದೆ ಹೇಳಿದರು.

"ನೋಡಿ, ಇಷ್ಟು ವರ್ಷ ನಿಮ್ಮ ಹಿಂದೆ ಲಗೇಜಿನ ಹಾಗೆ ಬಂದೆ. ಬೇಜಾರಿಲ್ಲ. ಈ ಸಲ ಗಾಡಿಯಾಗಿ ಬರ್ತೀನಿ. ಎಲ್ಲರನ್ನೂ ಹ್ಯಾಗೆ ಎಣಿಸ್ತೀರೋ ಹಾಗೆ ನನ್ನನ್ನೂ ಎಣಿಸಿ. ವಿಶೇಷ ಮರ್ಯಾದೆ ಬೇಡ, ಮರೆಯೋದೂ ಬೇಡ."

"ನಿನ್ನನ್ನ ಮರೀತೀನಾ?"

"ಮರೆತ್ರೆ ಗಾಡಿ ಮಾರಿಬಿಡ್ತೀನಿ. ಆಮೇಲೆ ನಿಮ್ಮ ಹಿಂದೆಯೂ ಕೂರಲ್ಲ. ನೀವು ನಿಮ್ಮ ಬಾಲ ಕಟ್ಕೊಂಡು ಹೋಗಿ, ನಾನು ಮನೇಲಿ ನಿದ್ದೆ ಮಾಡ್ತೀನಿ."

ಅತ್ತಿಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡ ದಾಖಲೆ ಆ ಮನೆಯಲ್ಲಿ ಇಲ್ಲ. ಮಾಸ್ಟರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರು ಮಡಿಚಿದ ಬಟ್ಟೆಯನ್ನೇ ಎತ್ತಿ ಮತ್ತೊಮ್ಮೆ ಮಡಿಚಿದರು.

ಸವಾರಿಯ ದಿನ ಬೆಳಿಗ್ಗೆ ಅಂಗಡಿಯ ಮುಂದೆ ಎಲ್ಲರೂ ಸೇರಿದರು. ಮಾಸ್ಟರು ಸ್ಟೂಲಿನ ಮೇಲೆ ಹತ್ತಿ ರೂಲುಗಳನ್ನು ಒಪ್ಪಿಸಿದರು. ಗಾಡಿಗಳನ್ನು ಬಿಸಿ ಮಾಡಿಕೊಂಡಿದ್ದವರು ಅವು ಮತ್ತೆ ಆರುವ ತನಕ ಕೇಳಿದರು. ಮೇಷ್ಟ್ರು ನಿಂತಲ್ಲೇ ಆಕಳಿಸಿದರು. "ಕಂಬ ನಿಂತೋರು ಏನೇ ಆದ್ರೂ ಕದಲಬಾರದು," ಎಂದು ಮಾಸ್ಟರು ಬೆರಳೆತ್ತಿ ಹೇಳುವಾಗ, ಅದನ್ನು ಇವತ್ತು ಮೊದಲ ಸಲ ಕೇಳುವವರ ಹಾಗೆ ಗಮನವಿಟ್ಟು ಕೇಳಿದವರು ಅತ್ತಿಗೆ. ಮುಂಚೆಲ್ಲ ಅವರು ಈ ಹೊತ್ತಿನಲ್ಲಿ ಟವೆಲ್ ಮಡಿಚುತ್ತಿರುತ್ತಿದ್ದರು.

"ನೀನು ನನ್ನ ಹಿಂದೆಯೇ ಇರು," ಎಂದರು ಮಾಸ್ಟರು. "ಕನ್ನಡಿಯಲ್ಲಿ ಕಾಣ್ತಿರ್ತೀಯ." ಹಾಗೆಂದು ಕೈ ಚಾಚಿದರು. ಅತ್ತಿಗೆ ತಮ್ಮ ಮೊಬೈಲು ಕೊಟ್ಟರು. ಮಾಸ್ಟರು ಅದನ್ನು ತಮ್ಮ ಟ್ಯಾಂಕಿನ ಮೇಲಿನ ಚೀಲಕ್ಕೆ ಹಾಕಿಕೊಂಡು ಜಿಪ್ಪು ಎಳೆದರು. ಪ್ರತಿ ವರ್ಷವೂ ಹೀಗೇ. ಈ ವರ್ಷ ಇಬ್ಬರ ಗಾಡಿ ಬೇರೆ ಬೇರೆ ಎಂಬುದು ಕೊಟ್ಟ ಕೈಗೂ ಹೊಳೆಯಲಿಲ್ಲ, ಇಸಕೊಂಡ ಕೈಗೂ ಹೊಳೆಯಲಿಲ್ಲ.

ಹೊರಟರು. ಅತ್ತಿಗೆ ಚೆನ್ನಾಗಿಯೇ ಓಡಿಸುತ್ತಿದ್ದರು. ಮಾಸ್ಟರು ಮೊದಲು ಕನ್ನಡಿಯಲ್ಲಿ ನೋಡಿದ್ದೇ ನೋಡಿದ್ದು. ಆಮೇಲೆ ಧೈರ್ಯ ಬಂತು. ಆಮೇಲೆ ಹೆದ್ದಾರಿಯ ಗಾಳಿ ಮುಖಕ್ಕೆ ಬಡಿದು, ಅವರಿಗೆ ವರ್ಷಕ್ಕೊಮ್ಮೆ ಬರುವ ಆ ಹುರುಪು ಬಂದು, ಲೋಕವೇ ಮರೆತುಹೋಯಿತು. ಕೆರೆಯ ಕಡೆಗೆ ಬಲಕ್ಕೆ ಹೊರಳುವ ಕಡೆ, ಲಾರಿಗಳನ್ನು ತೂಗುವ, ಈಗ ಮುಚ್ಚಿದ್ದ ತೂಕದ ಮನೆಯೊಂದರ ಹತ್ತಿರ, ಅವರು ತಿರುಗಿದರು. ಬೆನ್ನಿಗಿದ್ದವರು ಅತ್ತಿಗೆ. ರೂಲಿನ ಪ್ರಕಾರ ಅತ್ತಿಗೆ ಗಾಡಿ ನಿಲ್ಲಿಸಿ, ಇಳಿದು, ಕೈ ಚಾಚಿ ಕಂಬ ನಿಂತರು. ಡಾಕ್ಟರು ಹೋದರು, ಉಳಿದವರು ಹೋದರು. ಹೋಗುವಾಗ ಒಬ್ಬೊಬ್ಬರೂ ಕೈ ಬೀಸಿದರು.

ಇಬ್ಬರು ಬರಲಿಲ್ಲ. ತಿರುವಿಗಿಂತ ಬಹಳ ಹಿಂದೆಯೇ ಮೇಷ್ಟ್ರ ಗಾಡಿ ವಾಡಿಕೆಯಂತೆ ನಿಂತಿತ್ತು. ಬಾಲವೂ ಅದರ ಜೊತೆ ನಿಂತಿತ್ತು.

ಮುಂದೆ ಒಂದು ಮರದ ನೆರಳಿನಲ್ಲಿ ಮಾಸ್ಟರು ಸಾಲು ನಿಲ್ಲಿಸಿ, ಗಾಡಿಯಿಂದ ಇಳಿಯದೆಯೇ ಕಾದರು. ಫೋನು ಬಂತು.

"ಮೇಷ್ಟ್ರ ಗಾಡಿಗೆ ಜೀವ ಬಂತು ಮಾಸ್ಟ್ರೇ," ಎಂದ ಔಷಧಿ ಅಂಗಡಿಯಣ್ಣ. "ತುಂಬಾ ಹಿಂದಿದೀವಿ. ಈಗ ಹೊರಡ್ತೀವಿ."

"ಅಲ್ಲಿಂದ ಕಲ್ಲು ಕ್ವಾರಿ ಪಕ್ಕ ಒಂದು ದಾರಿ ಇದೆ. ಸೀದಾ ಕೆರೆಗೇ ಬರುತ್ತೆ, ಅದರಲ್ಲೇ ಬಂದ್ಬಿಡಿ. ನಾವೂ ಹೊರಡ್ತೀವಿ."

"ತಿರುವಿನಲ್ಲಿ ಕಂಬ ಯಾರಾದ್ರೂ?"

ಮಾಸ್ಟರು ಹಿಂದಿರುಗಿ ಗಾಡಿಗಳನ್ನು ಎಣಿಸಿದರು. ತಮ್ಮದೂ ಸೇರಿ ಏಳು. "ಇಲ್ಲಿ ಏಳು, ನಿಮ್ಮ ಹತ್ರ ಎರಡು. ಒಂಬತ್ತಾಯ್ತು. ಲೆಕ್ಕ ಸರಿಯಾಗಿದೆ, ಬನ್ನಿ."

ಲೆಕ್ಕ ಸರಿಯಾಗಿತ್ತು. ಎಷ್ಟೋ ವರ್ಷದಿಂದ ಸರಿಯಾಗಿದ್ದ ಲೆಕ್ಕ ಅದು. ಅವರು ಎಣಿಸುತ್ತಿದ್ದದ್ದು ಗಾಡಿಗಳನ್ನು. ಹಿಂದಿನ ಸೀಟಿನವರನ್ನು ಎಣಿಸುವ ಅಭ್ಯಾಸ ಅವರಿಗೆ ಯಾವತ್ತೂ ಇರಲಿಲ್ಲ. ಡಾಕ್ಟರಿಗೂ ಉಳಿದವರಿಗೂ ಅತ್ತಿಗೆ ಕಂಬ ನಿಂತದ್ದು ನೆನಪಿತ್ತು. ಆದರೆ ಕಂಬ ಬಾಲದ ಜೊತೆ ಬರುತ್ತದಲ್ಲ, ಹಾಗೇ ಬರುತ್ತಾರೆ ಎಂದುಕೊಂಡರು. ಮಾಸ್ಟರು ಫೋನಿನಲ್ಲಿ ಏನೆಂದರೆಂದು ಹೆಲ್ಮೆಟ್ಟಿನೊಳಗೆ ಯಾರಿಗೂ ಕೇಳಿಸಲಿಲ್ಲ.

ಕೆರೆಯ ಪಕ್ಕದ ಅತಿಥಿಗೃಹ ಬಂತು. ಮಾಸ್ಟರು ಮೆಟ್ಟಿಲ ಹತ್ತಿರ ಗಾಡಿ ನಿಲ್ಲಿಸಿ, ಎರಡೂ ಕಾಲನ್ನು ನೆಲಕ್ಕೆ ಊರಿದರು.

"ಇಳಿಯುವಾಗ ಜೋಪಾನ, ಸೈಲೆನ್ಸರ್ ಬಿಸಿ ಇದೆ," ಎಂದರು.

ಗಾಡಿ ಹಗುರವಾಗಲೆಂದು ಕಾದರು. ಆಗಲಿಲ್ಲ. ಅದು ಬೆಳಗಿನಿಂದಲೂ ಹಗುರವಾಗಿಯೇ ಇತ್ತು. ಪಕ್ಕದಲ್ಲಿ ನಿಂತಿದ್ದ ಡಾಕ್ಟರು, "ಯಾರಿಗೆ ಹೇಳಿದ್ರಿ?" ಎಂದರು. ಮಾಸ್ಟರು ತಿರುಗಿ ಹಿಂದಿನ ಸೀಟನ್ನು ನೋಡಿದರು. ಅಲ್ಲಿ ಟವೆಲ್ ಕೂಡ ಇರಲಿಲ್ಲ.

ಅಷ್ಟರಲ್ಲಿ ಕ್ವಾರಿಯ ದಾರಿಯಿಂದ ಮೇಷ್ಟ್ರೂ ಬಾಲವೂ ಧೂಳು ಹೊತ್ತುಕೊಂಡು ಬಂದರು. ಇಬ್ಬರೇ.

"ಅತ್ತಿಗೆ ಎಲ್ಲಿ?" ಎಂದ ಔಷಧಿ ಅಂಗಡಿಯಣ್ಣ.

"ನಿಮ್ಮ ಜೊತೆ ಅಲ್ವಾ?" ಎಂದರು ಡಾಕ್ಟರು. "ತೂಕದ ಮನೆ ಹತ್ರ ಕಂಬ ನಿಂತಿದ್ರಲ್ಲ."

ಮಾಸ್ಟರು ಜೇಬಿನಿಂದ ಮೊಬೈಲು ತೆಗೆದರು. ಹೆಂಡತಿಗೆ ಫೋನು ಮಾಡಿದರು. ಅದು ಅವರ ಮುಂದೆಯೇ, ಟ್ಯಾಂಕಿನ ಮೇಲಿನ ಚೀಲದೊಳಗೆ, ಕಿಣಿಕಿಣಿ ಎಂದು ಹೊಡೆದುಕೊಂಡಿತು. ಗುಂಪಿನಲ್ಲಿ ಮಾಸ್ಟರನ್ನು ಗೇಲಿ ಮಾಡುವ ಅವಕಾಶ ಯಾರೂ ಬಿಟ್ಟುಕೊಟ್ಟವರಲ್ಲ. ಅವತ್ತು ಬಿಟ್ಟರು.

ಮಾಸ್ಟರು ಗಾಡಿಯನ್ನು ಮತ್ತೆ ಶುರುಮಾಡಲು ಹೋದರು. ಬೀಗದ ಕೈ ತೂತಿಗೆ ಸೇರಲಿಲ್ಲ, ಕೈ ಅಷ್ಟು ನಡುಗುತ್ತಿತ್ತು. ಔಷಧಿ ಅಂಗಡಿಯಣ್ಣ ಬೀಗದ ಕೈ ಇಸಕೊಂಡ.

"ಕೈ ನಡುಗೋರು ಗಾಡಿ ಓಡಿಸಬಾರದು. ನಿಮ್ದೇ ರೂಲು. ಹಿಂದೆ ಕೂತ್ಕೊಳ್ಳಿ."

"ನಿನ್ನ ಗಾಡೀಲಿ ಹೋಗೋಣ."

"ನನ್ನ ಗಾಡೀಲಿ ಹಿಂದೆ ಪೆಟ್ಟಿಗೆ ಇದೆ. ನೀವೇ ಕೂರಿಸಿದ್ದು."

ಹೀಗೆ ಸೀಟು ಮಾಸ್ಟರು ಜೀವಮಾನದಲ್ಲಿ ಮೊದಲ ಸಲ ತಮ್ಮ ಗಾಡಿಯ ಹಿಂದಿನ ಸೀಟಿನ ಮೇಲೆ ಕೂತರು.

ಮೊದಲ ಗುಂಡಿಗೆ ಅವರಿಗೆ ಅರ್ಧ ಅರ್ಥವಾಯಿತು, ಎರಡನೆಯದಕ್ಕೆ ಪೂರ್ತಿ. ಅದು ಸೀಟಲ್ಲ, ಶಿಕ್ಷೆ. ರಸ್ತೆಯಲ್ಲಿ ಒಂದು ಸಣ್ಣ ಕಲ್ಲಿದ್ದರೂ ಬೆನ್ನುಮೂಳೆ ಅದನ್ನು ಗುರುತು ಹಿಡಿಯುತ್ತಿತ್ತು. ಹಿಡಿದುಕೊಳ್ಳಲು ಏನೂ ಇರಲಿಲ್ಲ, ಮುಂದೆ ಕೂತವನ ಸೊಂಟವೊಂದನ್ನು ಬಿಟ್ಟು. ಮುಂದೇನು ಬರುತ್ತಿದೆ ಎಂದು ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಒಂದು ಕೆಂಪು ಬೆನ್ನು. ಇಷ್ಟು ವರ್ಷ ಇವಳು ನೋಡಿದ ಊರು, ಬೆಟ್ಟ, ಕೆರೆ ಎಲ್ಲವೂ ನನ್ನ ಬೆನ್ನೇ ಇರಬೇಕು ಎಂದುಕೊಂಡರು. ಇದಲ್ಲದೆ ಭಯ ಬೇರೆ. ಹೆದ್ದಾರಿಯ ಬದಿ, ಬಿಸಿಲು, ಲಾರಿಗಳು, ಕೈಯಲ್ಲಿ ಫೋನಿಲ್ಲ. ನಾನಾಗಿ ಕಂಬ ನಿಲ್ಲಿಸಿ, ನಾನಾಗಿ ಬಾಲವನ್ನು ಬೇರೆ ದಾರಿಗೆ ಹಚ್ಚಿದೆನಲ್ಲ. ಬಾಯಿಬಿಟ್ಟು ಅಳುವ ಅಭ್ಯಾಸವಿದ್ದಿದ್ದರೆ ಅತ್ತೇಬಿಡುತ್ತಿದ್ದರು. ಏನು ಹೇಳಬೇಕೆಂದು ಅವರು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡರು. ಪ್ರತಿ ಗುಂಡಿಯಲ್ಲೂ ಒಂದು ವಾಕ್ಯ ಉದುರಿಹೋಗುತ್ತಿತ್ತು.

ತೂಕದ ಮನೆ ದೂರದಿಂದ ಕಾಣಿಸಿತು. ಅದರ ಮುಂದೆ ಸಣ್ಣ ಗಾಡಿ, ಗಾಡಿಯ ಪಕ್ಕ ಅತ್ತಿಗೆ. ಕೈ ಕೆರೆಯ ಕಡೆ ಚಾಚಿಯೇ ಇತ್ತು. ಅಲ್ಲಿನ ಕಾವಲುಗಾರ ಪಾಪ ಕುರ್ಚಿ ತಂದುಕೊಟ್ಟಿದ್ದನಂತೆ, ಕೂರಲಿಲ್ಲ. ಫೋನು ಕೊಡುತ್ತೇನೆಂದನಂತೆ, ಬೇಡ ಎಂದರಂತೆ. ಹಾಲಿನ ಟ್ಯಾಂಕರಿನವನೊಬ್ಬ ಅವರ ಕೈ ನೋಡಿ, ಮುಂದೆ ರಸ್ತೆ ಬಂದ್ ಆಗಿದೆಯೇನೋ ಎಂದು ಹೆದರಿ ಕೆರೆಯ ದಾರಿಗೆ ತಿರುಗಿಸಿ, ಬಹಳ ಹೊತ್ತಿನ ಮೇಲೆ ಬೈಯುತ್ತ ವಾಪಸು ಬಂದನಂತೆ. ಆಗಲೂ ಅತ್ತಿಗೆ ಕೈ ಇಳಿಸಿರಲಿಲ್ಲ.

ಔಷಧಿ ಅಂಗಡಿಯಣ್ಣ ತಿರುವಿಗಿಂತ ಹಿಂದಕ್ಕೆ ಹೋಗಿ, ಗಾಡಿ ತಿರುಗಿಸಿ, ಬಾಲ ಬರಬೇಕಾದ ಕಡೆಯಿಂದಲೇ ನಿಧಾನವಾಗಿ ಬಂದ. ರೂಲನ್ನು ಗೌರವಿಸುವವನು ಅವನು. ಅತ್ತಿಗೆ ಕೆಂಪು ಜಾಕೆಟನ್ನು ನೋಡಿದರು. ಅದರ ಸೊಂಟ ಹಿಡಿದು ಹಿಂದೆ ಕೂತಿದ್ದವರನ್ನೂ ನೋಡಿದರು. ಒಂದು ಗಳಿಗೆ ಹೆಚ್ಚಾಗಿಯೇ ನೋಡಿದರು.

"ನೋಡು, ನಾನು..." ಎಂದು ಮಾಸ್ಟರು ಶುರುಮಾಡಿದರು.

ಅತ್ತಿಗೆ ಬಾಲದ ಕಡೆಗೆ ಮಾತ್ರ ತಿರುಗಿದರು. "ತಡ ಆಯ್ತಲ್ಲ ಅಣ್ಣ."

"ತಪ್ಪು ದಾರಿಗೆ ಹೋಗಿದ್ದೆ ಅತ್ತಿಗೆ," ಎಂದು ಅವನು ತಲೆಯಾಡಿಸಿದ. ಬಾಲ ತಲೆಯಾಡಿಸಿದ್ದಾಯಿತು. ಅತ್ತಿಗೆ ಕೈ ಇಳಿಸಿ, ಭುಜ ತಿಕ್ಕಿಕೊಂಡು, ಹೆಲ್ಮೆಟ್ ಹಾಕಿ, ಗಾಡಿ ಹತ್ತಿ ಹೊರಟೇಬಿಟ್ಟರು.

"ಮುಂದೆ ಹೋಗಿ ನಿಲ್ಲಿಸೋ, ಮಾತಾಡ್ಬೇಕು," ಎಂದರು ಮಾಸ್ಟರು.

"ಬಾಲ ಯಾರನ್ನೂ ಹಿಂದೆ ಹಾಕೋಹಾಗಿಲ್ಲ ಮಾಸ್ಟ್ರೇ."

ಕೆರೆಯ ತನಕ ಮಾಸ್ಟರು ಆ ಹಲಗೆಯ ಮೇಲೆ ಕೂತು, ಅಣ್ಣನ ಭುಜದ ಮೇಲಿಂದ ಕತ್ತು ಚಾಚಿ, ಹೆಂಡತಿಯ ಬೆನ್ನು ನೋಡುತ್ತ ಬಂದರು. ತಿರುವಿಗೆ ಎಷ್ಟು ಮೊದಲು ಸಿಗ್ನಲ್ ಹಾಕಬೇಕೋ ಅಷ್ಟು ಮೊದಲು ಹಾಕುತ್ತಿದ್ದಳು. ಗುಂಡಿ ಬಂದರೆ ಸ್ವಲ್ಪವೇ ಎದ್ದು ಕೂರುತ್ತಿದ್ದಳು. ಆ ಏಳುವಿಕೆ ಎಲ್ಲಿ ಕಲಿತದ್ದು ಎಂದು ಈಗ ಮಾಸ್ಟರು ಕೇಳಬೇಕಾಗಿರಲಿಲ್ಲ. ಅವರಿಗೆ ನಾಚಿಕೆಯಾಗಿತ್ತು. ಅದರ ಜೊತೆಗೆ, ಅವರಿಗೇ ಆಶ್ಚರ್ಯವಾಗುವಂತೆ, ಹೆಮ್ಮೆಯೂ ಇತ್ತು. ಗುಂಪಿನಲ್ಲಿ ಇಷ್ಟು ಚೊಕ್ಕವಾಗಿ ಓಡಿಸುವವರು ಯಾರೂ ಇರಲಿಲ್ಲ, ತಾವೂ ಸೇರಿ.

ಅತಿಥಿಗೃಹದ ಮೆಟ್ಟಿಲ ಹತ್ತಿರ ಎಲ್ಲರೂ ಎದ್ದು ನಿಂತಿದ್ದರು. ಊಟ ಆರುತ್ತಿತ್ತು, ಯಾರೂ ಮುಟ್ಟಿರಲಿಲ್ಲ. ಅತ್ತಿಗೆ ಗಾಡಿ ನಿಲ್ಲಿಸಿ ಇಳಿದರು. ಹಿಂದೆಯೇ ಬಾಲ ಬಂದು ನಿಂತಿತು. ಮಾಸ್ಟರ ಕಾಲು ಜೋಮು ಹಿಡಿದು, ಒಂದು ಕಾಲು ಎತ್ತಲೂ ಆಗದೆ, ಇಳಿಯಲೂ ಆಗದೆ, ಅವರು ಅಣ್ಣನ ಹೆಗಲು ಹಿಡಿದು ತೂಗಾಡುತ್ತಿದ್ದರು.

"ಜೋಪಾನ," ಎಂದರು ಅತ್ತಿಗೆ, ಹೆಲ್ಮೆಟ್ ತೆಗೆಯುತ್ತ. "ಸೈಲೆನ್ಸರ್ ಬಿಸಿ ಇದೆ."

ಮಾಸ್ಟರು ಇಳಿದರು. ಬಾಯಿಪಾಠ ಮಾಡಿದ್ದೆಲ್ಲ ದಾರಿಯಲ್ಲೇ ಉದುರಿತ್ತಲ್ಲ, ಉಳಿದದ್ದು ಒಂದೇ ಮಾತು. ಗುಂಪಿನ ಎದುರಿಗೇ, "ತಪ್ಪಾಯ್ತು ಕಣೇ," ಎಂದರು.

"ಮೊದಲು ಎಣಿಸಿ," ಎಂದರು ಅತ್ತಿಗೆ.

ಮಾಸ್ಟರು ಬೆರಳು ಮೊದಲು ಹೆಂಡತಿಯ ಕಡೆ ತೋರಿಸಿ ಒಂದು ಎಂದರು. ಒಬ್ಬೊಬ್ಬರ ಮುಖ ನೋಡಿ ಎಣಿಸುತ್ತ ಹೋಗಿ, ಕೊನೆಗೆ ತಮ್ಮನ್ನೂ ಸೇರಿಸಿ ಹತ್ತಕ್ಕೆ ನಿಲ್ಲಿಸಿದರು. ಆಮೇಲೆ ಊಟಕ್ಕೆ ಕೂತರು. ಮಾಸ್ಟರು ಮಾತ್ರ ನಿಂತುಕೊಂಡೇ ಉಂಡರು. ಅವರಿಗೆ ಕೂರಲು ಆಗುತ್ತಿರಲಿಲ್ಲ. "ಸೊಂಟ ನೋವಿದ್ಯಾ ಮಾಸ್ಟ್ರೇ?" ಎಂದು ಡಾಕ್ಟರು ಅನುನಯದಿಂದ ಕೇಳಿದರು. ಅಷ್ಟು ಹೊತ್ತಿಗೆ ಗೇಲಿಗೆ ಮತ್ತೆ ಅಪ್ಪಣೆ ಸಿಕ್ಕಿತ್ತು.

ವಾಪಸು ಬಂದ ಮೇಲೆ ಅತ್ತಿಗೆ ಗಾಡಿಯ ಬಗ್ಗೆ ಏನೂ ಎತ್ತಲಿಲ್ಲ, ಮಾರುತ್ತೇನೆಂದೂ ಇಲ್ಲ, ಇಲ್ಲವೆಂದೂ ಇಲ್ಲ. ಮಾಸ್ಟರಿಗೆ ಕೇಳುವ ಧೈರ್ಯವಿಲ್ಲ. ಮಾರನೆಯ ದಿನ ಅಂಗಡಿಗೆ ಹೋದವರೇ ಗಿರಾಕಿಗಳ ಕೆಲಸವನ್ನೆಲ್ಲ ಪಕ್ಕಕ್ಕೆ ಸರಿಸಿ, ತಮ್ಮ ಗಾಡಿಯ ಸೀಟು ಬಿಚ್ಚಿದರು. ಹಿಂದಿನ ಹಲಗೆಯನ್ನು ಕಿತ್ತು ಮೂಲೆಗೆಸೆದರು. ತಮ್ಮ ಹತ್ತಿರ ಇದ್ದುದರಲ್ಲಿ ಒಳ್ಳೆಯ ಫೋಮನ್ನು ಎಳೆದು, ಕತ್ತರಿಸಿ, ಅಂಚು ಇಳಿಸಿ, ಹೊಲಿದು ಕೂರಿಸಿದರು. ಗಾಡಿಯ ಅಂದ ಕೆಟ್ಟಿತು. ಕೆಡಲಿ ಎಂದರು.

ಮಧ್ಯಾಹ್ನ ಅತ್ತಿಗೆ ಲ್ಯಾಬಿನಿಂದ ಬಂದರು. ಸೀಟಿನ ಮೇಲೆ ಅಂಗೈ ಊರಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಸವರಿದರು.

"ಚೆನ್ನಾಗಿದೆ. ಇದನ್ನ ಮದುವೆ ವರ್ಷ ಮಾಡಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

"ಕೂತು ನೋಡು."

"ನಾನ್ಯಾಕೆ ಕೂರಲಿ? ನನಗೆ ಗಾಡಿ ಇದೆ."

ಮಾಸ್ಟರು ಕತ್ತರಿ ಕೆಳಗಿಟ್ಟರು. "ಮಾರಲ್ಲ ತಾನೇ?"

"ಹರಿದ ಸೀಟಿನ ಗಾಡಿ ಯಾರು ಕೊಂಡ್ಕೋತಾರೆ?" ಎಂದು ಅತ್ತಿಗೆ ಹೊರಗೆ ಹೋಗಿ ತಮ್ಮ ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದರು. "ಬಿಚ್ಚಿ. ಮುಂದಿನ ವಾರ ಅಲ್ಲ, ಈಗಲೇ."

ಮಾಸ್ಟರು ಮೊಣಕಾಲೂರಿ ಕೂತು, ಬಿಳಿ ಪ್ಲಾಸ್ಟರನ್ನು ಗಾಯದ ಮೇಲಿನದನ್ನು ಕೀಳುವ ಹಾಗೆ ಮೆಲ್ಲಗೆ ಕಿತ್ತರು. ಒಳಗಿನ ಹಳೆಯ ಫೋಮು ಪುಡಿಪುಡಿಯಾಗಿತ್ತು. "ಮುಂದೆ ಎರಡು ಪದರ ಸಾಕು," ಎಂದರು.

"ಹಿಂದೆ ಮೂರು ಹಾಕಿ."

"ಹಿಂದೆ ಯಾರು ಕೂರೋದು?"

ಅತ್ತಿಗೆ ಗೋಡೆಯ ಮೊಳೆಯಿಂದ ಮಾಸ್ಟರ ಹೆಲ್ಮೆಟ್ ಇಳಿಸಿ, ದುಪಟ್ಟಾದ ತುದಿಯಿಂದ ಧೂಳು ಒರೆಸಿ, ಅವರ ಪಕ್ಕದ ಸ್ಟೂಲಿನ ಮೇಲೆ ಇಟ್ಟರು. ಮಾಸ್ಟರು ಮೂರು ಪದರ ಕತ್ತರಿಸಿದರು.